ಕಡತದ ಹೆಬ್ಬೆಟ್ಟು

೧೯೭೩ರಲ್ಲಿ ನಾನು ಮುಂಬಯಿಯ ಫೋರ್ಟ್ ವಿಭಾಗದ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿ ಸೇರಿದಾಗ ನನ್ನನ್ನು ಕೂಡಿಸಿದ್ದು ಟಿ.ಟಿ. ಎಂದರೆ ತಂತಿ ವರ್ಗಾವಣೆಯ ಮೇಜಿನಲ್ಲಿ. ಊರಿಗೆ ತಿಂಗಳು ತಿಂಗಳು ಹೋಗುತ್ತಿದ್ದ ಹಣವೆಲ್ಲ ಅಂಚೆಯ ಮನಿಯಾರ್ಡರಿನಲ್ಲೇ ಹೋಗುತ್ತಿತ್ತು. ಟಿ.ಟಿ. ಮಾಡಿಸಲು ಬರುವವರು ಅವಸರದವರು: ತಾಯಿಗೆ ಆಸ್ಪತ್ರೆಯಾಗಿದೆ, ತಂಗಿಯ ಮದುವೆ ನಾಡಿದ್ದಿದೆ, ಗದ್ದೆಯ ಕ್ರಯಪತ್ರದ ದಿನ ಗೊತ್ತಾಗಿದೆ. ಹೋಟೆಲಿನ ಗಲ್ಲಾದಿಂದ ನೇರ ಎದ್ದು ಬಂದವರು ಕೌಂಟರಿನ ಆಚೆ ನಿಂತು, 'ಇವತ್ತೇ ಮುಟ್ಟುತ್ತದಲ್ಲ ಮಾರಾಯರೆ?' ಎಂದು ಮೂರು ಸಲ ಕೇಳಿ ಹೋಗುತ್ತಿದ್ದರು.

ತಂತಿಯ ಸಂದೇಶದಲ್ಲಿ ಯಾರ ರುಜುವೂ ಇರುವುದಿಲ್ಲ. ಕುಂದಾಪುರದ ಶಾಖೆಯ ಮ್ಯಾನೇಜರರು ತಮ್ಮ ಕೈಗೆ ಬಂದ ಟೆಲಿಗ್ರಾಂ ನಮ್ಮದೇ ಎಂದು ನಂಬಿ ರೊಕ್ಕ ಎಣಿಸಿ ಕೊಡುವುದು ಹೇಗೆ? ಅದಕ್ಕಾಗಿ ಟೆಸ್ಟ್ ನಂಬರ್ ಎಂಬ ಒಂದು ವ್ಯವಸ್ಥೆ ಇತ್ತು. ಅಧಿಕಾರಿಗಳು ಬೀಗದ ಕಪಾಟಿನಿಂದ ಒಂದು ಪುಸ್ತಕ ತೆಗೆಯುವರು. ಆ ದಿನದ ತಾರೀಖಿಗೆ ಒಂದು ಅಂಕಿ, ಸಾವಿರಗಳಿಗೆ ಒಂದು, ನೂರುಗಳಿಗೆ ಒಂದು, ಶಾಖೆಗೆ ಒಂದು. ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವನ್ನು ಸಂದೇಶದ ತಲೆಯಲ್ಲಿ ಹಾಕುವರು. ಆ ಕಡೆಯವರು ತಮ್ಮ ಪುಸ್ತಕ ತೆಗೆದು ಅದೇ ಲೆಕ್ಕ ಮಾಡುವರು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಹಣ ನಿಂತಿತು. ನನ್ನ ಕಾಲದಲ್ಲೇ ಒಮ್ಮೆ ತಂತಿಯ ದಾರಿಯಲ್ಲಿ ಮೂರು ಸಾವಿರ ಹೋಗಿ ಎಂಟು ಸಾವಿರ ಆಗಿತ್ತು. ಟೆಸ್ಟ್ ನಂಬರು ತಾಳೆಯಾಗದೆ ಅಲ್ಲಿಯ ಮ್ಯಾನೇಜರರು ಟ್ರಂಕ್ ಕಾಲ್ ಮಾಡಿ ನಮ್ಮನ್ನು ಬೈದಿದ್ದರು. ಬೈದದ್ದು ಬೇಸರವಾಗಲಿಲ್ಲ, ಐದು ಸಾವಿರ ಉಳಿದಿತ್ತು.

ಟೆಲಿಗ್ರಾಂ ಸೇವೆಯೇ ೨೦೧೩ರ ಜುಲೈಯಲ್ಲಿ ನಿಂತುಹೋಯಿತು. ಆ ಪುಸ್ತಕಗಳೂ ಅದಕ್ಕಿಂತ ಮೊದಲೇ ಹೋದವು. ಇದನ್ನೆಲ್ಲ ಈಗ ನೆನೆಯಲು ಕಾರಣ, ಕಳೆದ ವರ್ಷ ನಮ್ಮ ಸಂಘದ ಹಳೆಯ ಸಂಚಿಕೆಗಳನ್ನು ಜೋಡಿಸುವ ಕೆಲಸಕ್ಕೆ ಕುಳಿತಾಗ ನಡೆದ ಒಂದು ಪ್ರಸಂಗ. ಪತ್ರಿಕೆಯ ಹಳೆಯ ಸಂಪುಟಗಳನ್ನು ೨೦೦೪ರಲ್ಲಿ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿಸಿ ಇಟ್ಟಿದ್ದರು. ಮರುವರ್ಷ ಜುಲೈ ೨೬ರ ಮಳೆ ಈ ಊರಿನವರಿಗೆ ಮರೆಯುವಂಥದಲ್ಲ. ಸಂಘದ ನೆಲಮಾಳಿಗೆಯ ಕಪಾಟಿನಲ್ಲಿದ್ದ ಕಾಗದದ ಸಂಪುಟಗಳು ಅಂದು ನೀರಿನಲ್ಲಿ ನೆನೆದು ಮುದ್ದೆಯಾದವು. ಉಳಿದದ್ದು ಸ್ಕ್ಯಾನ್ ಪ್ರತಿ ಮಾತ್ರ. ಅದೂ ಎರಡು ಕಡೆ: ಒಂದು ಸಂಘದ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಹಿಂದಿನ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರ ಮನೆಯ ಸಿ.ಡಿ.ಗಳಲ್ಲಿ.

ಎರಡೂ ಒಂದೇ ಹೌದೇ ಎಂದು ನೋಡಬೇಕಿತ್ತು. ಸಾವಿರಾರು ಪುಟ; ಕಣ್ಣಿನಿಂದ ನೋಡಿ ಮುಗಿಯುವ ಮಾತಲ್ಲ. ನಮ್ಮ ಯುವಕ ಮಂಡಲಿಯ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಬೆರಳಚ್ಚು ಮಾಡಿದ. ಕಣ್ಣುಮುಚ್ಚಿ ತೆರೆಯುವುದರೊಳಗೆ ಪ್ರತಿ ಫೈಲಿನ ಎದುರಿಗೆ ಅರವತ್ತನಾಲ್ಕು ಅಕ್ಷರಗಳ ಒಂದು ಸರಮಾಲೆ ಬಂದು ನಿಂತಿತು: ಅಂಕಿಗಳು, ನಡುನಡುವೆ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳು. 'ಏನಪ್ಪ ಇದು?' ಎಂದೆ. 'ಇದು ಫೈಲಿನ ಹೆಬ್ಬೆಟ್ಟು, ಮಾಮ. ಒಂದು ಚುಕ್ಕಿ ಬದಲಾದರೂ ಇದು ಪೂರಾ ಬದಲಾಗುತ್ತದೆ' ಎಂದ. ನನಗೆ ಆ ಕ್ಷಣ ನೆನಪಾದದ್ದು ಬೀಗದ ಕಪಾಟಿನ ಪುಸ್ತಕ. ಆದರೆ ಇದಕ್ಕೆ ಬೀಗವಿಲ್ಲ. ಲೆಕ್ಕ ಮಾಡುವ ವಿಧಾನ ಜಗತ್ತಿಗೆಲ್ಲ ತೆರೆದಿಟ್ಟಿದೆ. ಗುಟ್ಟಿನ ಕೋಷ್ಟಕ ಯಾವುದೂ ಇಲ್ಲ. ಗುಟ್ಟಿಲ್ಲದೆ ಭದ್ರತೆ ಹೇಗೆ ಬಂತು ಎಂಬ ಕುತೂಹಲದಿಂದ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಲ್ಲ ತರುಣರು ತಪ್ಪಿದ್ದರೆ ತಿದ್ದಬೇಕು.

ಇದಕ್ಕೆ ಹ್ಯಾಶ್ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೊಚ್ಚಿ ಕಲಸಿದ ಅಡುಗೆ ಎಂಬ ಅರ್ಥವಿದೆ. ಫ್ರೆಂಚಿನ 'ಕೊಚ್ಚು' ಎಂಬ ಕ್ರಿಯಾಪದದಿಂದ ಬಂದದ್ದು. ಹೆಸರು ಅನ್ವರ್ಥವಾಗಿದೆ. ರುಬ್ಬಿದ ಚಟ್ನಿಯಿಂದ ತೆಂಗಿನ ಹೋಳನ್ನು ಮರಳಿ ಪಡೆಯಲಾಗದ ಹಾಗೆ, ಈ ಅರವತ್ತನಾಲ್ಕು ಅಕ್ಷರಗಳಿಂದ ಮೂಲ ಕಡತವನ್ನು ಮರಳಿ ಪಡೆಯಲಾಗದು. ೧೯೫೩ರ ಜನವರಿಯಲ್ಲಿ ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬ ಇಂಜಿನಿಯರ್ ಒಂದು ಒಳಟಿಪ್ಪಣಿ ಬರೆದ. ಗಣಕದಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಬೇಗ ಹುಡುಕಲು ಅದನ್ನು ಒಂದು ಲೆಕ್ಕದ ಪ್ರಕಾರ ಸಣ್ಣ ಅಂಕಿಯಾಗಿ ಇಳಿಸಿ, ಆ ಅಂಕಿಯ ಗೂಡಿನಲ್ಲಿ ಹಾಕಿಡಬೇಕೆಂಬ ಸೂಚನೆ ಅದರಲ್ಲಿತ್ತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳ ಹಾಗೆ. ಇಂದು ನಮ್ಮ ಕ್ರೆಡಿಟ್ ಕಾರ್ಡಿನ ಕೊನೆಯ ಅಂಕಿ ಸರಿಯೋ ತಪ್ಪೋ ಎಂದು ನೋಡುವ ಲೆಕ್ಕವೂ ಆತನದೇ. ಆದರೆ ಇವೆಲ್ಲ ಕೈತಪ್ಪನ್ನು ಹಿಡಿಯಲು ಅಥವಾ ವೇಗಕ್ಕೆ. ಕಳ್ಳನನ್ನು ಮನಸ್ಸಿನಲ್ಲಿಟ್ಟು ಮಾಡಿದವಲ್ಲ.

ಕಳ್ಳನ ಚಿಂತೆ ಮೊದಲು ಬಂದದ್ದು ಗುಪ್ತಪದದ, ಎಂದರೆ ಪಾಸ್‌ವರ್ಡಿನ ವಿಷಯದಲ್ಲಿ. ೧೯೬೦ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹಲವರು ಒಟ್ಟಿಗೆ ಬಳಸುವ ಒಂದು ದೊಡ್ಡ ಗಣಕವಿತ್ತು. ಎಲ್ಲರ ಗುಪ್ತಪದಗಳೂ ಒಂದು ಕಡತದಲ್ಲಿ ಇದ್ದ ಹಾಗೆಯೇ ಬರೆದಿದ್ದವು. ಒಂದು ದಿನ ಇಬ್ಬರು ಆಡಳಿತಗಾರರು ಏಕಕಾಲಕ್ಕೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾಗಿ, ದಿನದ ಪ್ರಕಟಣೆ ತೋರಿಸಬೇಕಾದ ಜಾಗದಲ್ಲಿ ಎಲ್ಲರ ಗುಪ್ತಪದಗಳ ಪಟ್ಟಿ ಒಳಗೆ ಬಂದವರಿಗೆಲ್ಲ ಅಚ್ಚಾಗತೊಡಗಿತು! ಅದೇ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೋಜರ್ ನೀಡ್‌ಹ್ಯಾಮ್ ಮತ್ತು ಮೈಕ್ ಗೈ ಅವರು ಒಂದು ಉಪಾಯ ಕಂಡುಕೊಂಡರು. ಗುಪ್ತಪದವನ್ನು ಇಡುವುದೇ ಬೇಡ, ಅದನ್ನು ಕೊಚ್ಚಿದ ರೂಪವನ್ನು ಮಾತ್ರ ಇಡೋಣ. ಬಂದವನು ಹೇಳಿದ್ದನ್ನು ಮತ್ತೆ ಕೊಚ್ಚಿ ತಾಳೆ ನೋಡೋಣ. ೧೯೭೯ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದೇ ಕ್ರಮವನ್ನು ಯೂನಿಕ್ಸ್‌ನಲ್ಲಿ ಬೆಳೆಸಿದ ಬಗೆಯನ್ನು ಬರೆದಾಗ, ತಾವು ಸಂಗ್ರಹಿಸಿದ ೩,೨೮೯ ಗುಪ್ತಪದಗಳಲ್ಲಿ ನೂರಕ್ಕೆ ೮೬ರಷ್ಟು ಸುಲಭವಾಗಿ ಊಹಿಸಬಹುದಾದವು ಎಂದು ತೋರಿಸಿದರು. ಹದಿನೈದು ಮಂದಿಯಂತೂ ಒಂದೇ ಅಕ್ಷರ ಇಟ್ಟಿದ್ದರು. ನಮ್ಮ ಮನೆಗಳಲ್ಲಿ ಮೊಮ್ಮಗಳ ಹೆಸರಿಗೆ ೧೨೩ ಸೇರಿಸಿ ಇಡುವವರು ಅವರಿಗಿಂತ ಮುಂದೆ ಹೋಗಿದ್ದಾರೆಂದು ಹೇಳಲಾರೆ.

೧೯೭೬ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಲೇಖನ ಗಣಕದ ಮೇಲೆಯೇ ರುಜು ಹಾಕುವ ದಾರಿಯನ್ನು ಸೂಚಿಸಿತು. ದೊಡ್ಡ ಪತ್ರಕ್ಕೆ ಪೂರ್ತಿಯಾಗಿ ಇಂಥ ರುಜು ಹಾಕುವುದು ಬಹಳ ನಿಧಾನದ ಕೆಲಸ. ಪತ್ರವನ್ನು ಚಿಕ್ಕ ಗುರುತಾಗಿ ಇಳಿಸಿ, ಆ ಗುರುತಿಗೆ ರುಜು ಹಾಕಿದರೆ ಸಾಕು. ಆದರೆ ಒಂದೇ ಗುರುತು ಬರುವ ಎರಡು ಪತ್ರಗಳು ಸಿಕ್ಕವೆಂದರೆ ಕೆಟ್ಟಿತು: ಒಂದಕ್ಕೆ ಹಾಕಿಸಿಕೊಂಡ ರುಜುವನ್ನು ಇನ್ನೊಂದಕ್ಕೆ ಅಂಟಿಸಬಹುದು. ಗುರುತಿನ ಉದ್ದಕ್ಕೆ ಮಿತಿಯಿದೆ, ಬರೆಯಬಹುದಾದ ಪತ್ರಗಳಿಗೆ ಮಿತಿಯಿಲ್ಲ. ಆದ್ದರಿಂದ ಅಂಥ ಜೋಡಿಗಳು ಇದ್ದೇ ಇರುತ್ತವೆ. ಅವು ಯಾರ ಕೈಗೂ ಸಿಗಬಾರದು, ಅಷ್ಟೆ. ಈ ಜೋಡಿ ಬೀಳುವುದನ್ನು ಬಲ್ಲವರು ಡಿಕ್ಕಿ ಎನ್ನುತ್ತಾರೆ.

೧೯೭೮ರಲ್ಲಿ ಮೈಕೆಲ್ ರಾಬಿನ್ ಇಂಥದೊಂದು ವಿಧಾನ ಮುಂದಿಟ್ಟರೆ, ಮರುವರ್ಷವೇ ಗಿಡಿಯನ್ ಯುವಾಲ್ ಅದನ್ನು ವಂಚಿಸುವುದು ಹೇಗೆ ಎಂದು ಬರೆದ. ಆತ ಬಳಸಿದ್ದು ಹುಟ್ಟುಹಬ್ಬದ ಲೆಕ್ಕ. ನಮ್ಮ ಸಂಘದ ಸಭೆಗೆ ೨೩ ಜನ ಬಂದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ಕೇಳಿದರೆ ನಂಬಿಕೆ ಬಾರದು. ಗುಟ್ಟು ಇಷ್ಟೇ: ನನ್ನ ಹುಟ್ಟುಹಬ್ಬಕ್ಕೆ ಸರಿಹೊಂದುವವನನ್ನು ಹುಡುಕುವುದು ಬೇರೆ, ಯಾರೋ ಇಬ್ಬರು ಸರಿಹೊಂದಿದರೆ ಸಾಕು ಎನ್ನುವುದು ಬೇರೆ. ಎರಡನೆಯದು ಎಷ್ಟೋ ಸುಲಭ. ೧೨೮ ಬಿಟ್ ಉದ್ದದ ಗುರುತಿನಲ್ಲಿ ಒಂದು ಡಿಕ್ಕಿ ಕಾಣಲು ೨ರ ೧೨೮ನೆಯ ಘಾತದಷ್ಟು ಪ್ರಯತ್ನ ಬೇಕಿಲ್ಲ, ೬೪ನೆಯ ಘಾತ ಸಾಕು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ನಮ್ಮ ಸಂಘದ ವಿಷಯಕ್ಕೇ ಇದು ಬೇಕಾಗುತ್ತದೆ.

ಎಂ.ಐ.ಟಿ.ಯ ರೊನಾಲ್ಡ್ ರಿವೆಸ್ಟ್ ೧೯೮೯ರಿಂದ ಒಂದಾದ ಮೇಲೊಂದು ವಿಧಾನ ಹೊರತಂದರು. ಎಂಡಿ-೨, ಎಂಡಿ-೪, ಕೊನೆಗೆ ೧೯೯೨ರ ಏಪ್ರಿಲ್‌ನಲ್ಲಿ ಪ್ರಕಟವಾದ ಎಂಡಿ-೫. ಕಡತವನ್ನು ೫೧೨ ಬಿಟ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ೬೪ ಹೆಜ್ಜೆಗಳಲ್ಲಿ ಕಲಸಿ, ಹಿಂದಿನ ತುಂಡಿನ ಫಲಕ್ಕೆ ಸೇರಿಸುತ್ತ ಹೋಗುವುದು ಅದರ ರೀತಿ. ಪ್ರತಿ ಹೆಜ್ಜೆಯಲ್ಲೂ ಒಂದು ಅಂಕಿ ಬೆರೆಸಬೇಕು. ಆ ಅಂಕಿಗಳನ್ನು ತನಗೆ ಬೇಕಾದ ಹಾಗೆ ಆರಿಸಿ ಕಳ್ಳಬಾಗಿಲು ಇಟ್ಟಿದ್ದಾನೆಂದು ಯಾರೂ ಅನ್ನಬಾರದೆಂದು ರಿವೆಸ್ಟ್ ಅವನ್ನು ತ್ರಿಕೋನಮಿತಿಯ ಸೈನ್ ಕೋಷ್ಟಕದಿಂದ ತೆಗೆದುಕೊಂಡರು. ಸೈನ್ ಎಂಬ ಹೆಸರು ನಮ್ಮ ಆರ್ಯಭಟಾದಿಗಳ 'ಜ್ಯಾ'ದಿಂದ ಅರಬ್ಬಿಗೆ ಹೋಗಿ, ಲ್ಯಾಟಿನ್ನಿನಲ್ಲಿ ತಪ್ಪು ಅನುವಾದವಾಗಿ ಬಂದದ್ದು. ಇದು ವಿಷಯಾಂತರ, ಇರಲಿ.

ರಿವೆಸ್ಟ್ ವಿಧಾನವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಅದೇ ಪ್ರಕಟಣೆಯ ಅನುಬಂಧದಲ್ಲಿ ಸಿ ಭಾಷೆಯ ಪ್ರೋಗ್ರಾಮನ್ನೂ ಅಚ್ಚು ಹಾಕಿಸಿದರು. ಕಡತದ ಹೆಸರು ಕೊಟ್ಟರೆ ಅದರ ಗುರುತು, ಒಂದು ವಾಕ್ಯ ಕೊಟ್ಟರೆ ಆ ವಾಕ್ಯದ ಗುರುತು, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ಸಂಜ್ಞೆ. ನಮ್ಮ ಹುಡುಗ ಬೆರಳಚ್ಚು ಮಾಡಿದ ಸಾಲಿನ ಮೂಲಪುರುಷ ಇದೇ ಎನ್ನಬಹುದು. ಮುಂದೆ ಉಲ್ರಿಚ್ ಡ್ರೆಪರ್ ಮೊದಲಾದವರು ಎಂಡಿ೫ಸಮ್ ಎಂಬ ಸಲಕರಣೆಯನ್ನು ಗ್ನೂ ಬಳಗಕ್ಕೆ ಬರೆದುಕೊಟ್ಟರು. ಅದು ಲಿನಕ್ಸ್ ಗಣಕಗಳೆಲ್ಲ ಬಲ್ಲ ಆಜ್ಞೆಯಾಯಿತು. ಏನೂ ಬರೆಯದ ಬರಿದಾದ ಕಡತಕ್ಕೂ ಒಂದು ಗುರುತುಂಟು. ಎಂಡಿ-೫ರಲ್ಲಿ ಅದು ಡಿ೪೧ಡಿ೮ಸಿಡಿ ಎಂದು ಆರಂಭವಾಗುತ್ತದೆ. ಆ ಅಕ್ಷರಗಳನ್ನು ಕಂಡರೆ ನಿಮ್ಮ ಫೈಲಿನಲ್ಲಿ ಏನೂ ಇಲ್ಲವೆಂದು ತಿಳಿಯಿರಿ. ನಮ್ಮ ಸಿ.ಡಿ.ಗಳಲ್ಲೇ ಅಂಥವು ಎರಡು ಸಿಕ್ಕವು.

ಅಮೆರಿಕ ಸರ್ಕಾರದ್ದು ಬೇರೆಯೇ ದಾರಿ. ೧೯೯೩ರಲ್ಲಿ ಅಲ್ಲಿಯ ಮಾನಕ ಸಂಸ್ಥೆ ಎಸ್‌ಎಚ್‌ಎ ಎಂಬ ೧೬೦ ಬಿಟ್ಟಿನ ವಿಧಾನ ಪ್ರಕಟಿಸಿತು. ರೂಪಿಸಿದ್ದು ಅವರ ಗುಪ್ತಚರ ವಿಭಾಗವಾದ ಎನ್.ಎಸ್.ಎ. ಎರಡು ವರ್ಷವಾಗುವುದರೊಳಗೆ ಅದನ್ನು ಹಿಂದೆಗೆದುಕೊಂಡು, ಒಂದೇ ಒಂದು ಕಡೆ ಒಂದು ಬಿಟ್ಟಿನಷ್ಟು ಸರಿಸುವ ತಿದ್ದುಪಡಿ ಮಾಡಿ, ೧೯೯೫ರಲ್ಲಿ ಎಸ್‌ಎಚ್‌ಎ-೧ ಎಂದು ಹೊರಡಿಸಿದರು. ದೋಷವೇನಿತ್ತೆಂದು ಬಿಡಿಸಿ ಹೇಳಲಿಲ್ಲ. ಅದನ್ನು ಹೊರಗಿನವರು, ಫ್ರಾನ್ಸಿನ ಶಬೋ ಮತ್ತು ಝೂ ಎಂಬ ಇಬ್ಬರು, ೧೯೯೮ರಲ್ಲಿ ತಾವಾಗಿ ಕಂಡುಹಿಡಿಯಬೇಕಾಯಿತು.

ಈ ಕಥೆಯ ದೊಡ್ಡ ತಿರುವು ೨೦೦೪ರ ಆಗಸ್ಟ್. ನಮ್ಮ ಸಂಪುಟಗಳನ್ನು ಸ್ಕ್ಯಾನ್ ಮಾಡಿಸಿದ ವರ್ಷವೇ. ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾದಲ್ಲಿ ಗೂಢಲಿಪಿ ವಿದ್ವಾಂಸರು ವರ್ಷಕ್ಕೊಮ್ಮೆ ಸೇರುತ್ತಾರೆ. ಸಂಜೆ ಒಂದು ಹರಟೆಯಂಥ ಗೋಷ್ಠಿ, ಪ್ರತಿಯೊಬ್ಬರಿಗೂ ಕೆಲವೇ ನಿಮಿಷ. ಚೀನದ ಶಾಂದೋಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ವಾಂಗ್ ಶಿಯಾವ್‌ಯುನ್ ಎದ್ದು ನಿಂತು, ತಾವೂ ತಮ್ಮ ಮೂವರು ಸಹೋದ್ಯೋಗಿಗಳೂ ಕಂಡುಹಿಡಿದ ಡಿಕ್ಕಿಗಳನ್ನು ತೋರಿಸಿದರು. ಎಂಡಿ-೫ರಲ್ಲಿ ಒಂದೇ ಗುರುತು ಬರುವ ಎರಡು ಬೇರೆ ಬೇರೆ ಸಂದೇಶಗಳು, ಪರದೆಯ ಮೇಲೆ, ಕಣ್ಣೆದುರಿಗೆ! ಐ.ಬಿ.ಎಂ.ನ ಒಂದು ದೊಡ್ಡ ಯಂತ್ರದ ಮೇಲೆ ಸುಮಾರು ಒಂದು ಗಂಟೆಯ ಲೆಕ್ಕ, ಅಷ್ಟೆ. ಇನ್ನೂ ಸ್ವಾರಸ್ಯದ ಮಾತೆಂದರೆ, ಅವರು ಮೊದಲು ಪ್ರಕಟಿಸಿದ ಬರಹದಲ್ಲಿ ಬೈಟುಗಳನ್ನು ಹಿಂದುಮುಂದಾಗಿ ಓದಿಕೊಂಡು ಆರಂಭದ ಅಂಕಿಗಳೇ ತಪ್ಪಾಗಿದ್ದವು. ನಿಜವಾದ ಎಂಡಿ-೫ರಲ್ಲಿ ಆ ಉದಾಹರಣೆ ನಿಲ್ಲುವುದಿಲ್ಲವೆಂದು ಬೇರೆಯವರು ತೋರಿಸಿದರೆ, ಅವರು ಬೇಗನೆ ಸರಿಯಾದ ಅಂಕಿಗಳಿಂದ ಹೊಸ ಡಿಕ್ಕಿ ಮಾಡಿಕೊಟ್ಟರು. ಅದೃಷ್ಟದಿಂದ ಸಿಕ್ಕ ಒಂದು ಜೋಡಿಯಾಗಿದ್ದರೆ ಅದು ಸಾಧ್ಯವಿತ್ತೇ? ಬೇಕಾದಾಗ ಮಾಡಬಲ್ಲ ವಿದ್ಯೆಯೇ ಅವರ ಕೈಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವರ್ಷ ಅವರೇ ಎಸ್‌ಎಚ್‌ಎ-೧ರ ಬಲವೂ ತಿಳಿದದ್ದಕ್ಕಿಂತ ಕಡಿಮೆಯೆಂದು ತೋರಿಸಿದರು.

ಆದರೂ ಲೋಕ ಬೇಗ ಎಚ್ಚರಗೊಳ್ಳಲಿಲ್ಲ. ವಿದ್ವಾಂಸರ ಆಟ, ನಮಗೇನು ಎಂದು ಹಲವರು ಎಂಡಿ-೫ನ್ನೇ ಹಿಡಿದುಕೊಂಡಿದ್ದರು. ೨೦೦೮ರ ಡಿಸೆಂಬರ್ ೩೦ರಂದು ಬರ್ಲಿನ್ನಿನ ಸಮಾವೇಶದಲ್ಲಿ ಏಳು ಮಂದಿಯ ಗುಂಪೊಂದು, ಮಕ್ಕಳ ಆಟದ ಪ್ಲೇಸ್ಟೇಷನ್ ಯಂತ್ರಗಳು ಇನ್ನೂರನ್ನು ಜೋಡಿಸಿ ಲೆಕ್ಕ ಮಾಡಿ, ಅಂತರಜಾಲದ ತಾಣಗಳಿಗೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನೇ ನಕಲು ಮಾಡಿ ತೋರಿಸಿತು. ಅವರು ಸಜ್ಜನರು, ತೋರಿಸಿ ಬಿಟ್ಟರು. ೨೦೧೨ರಲ್ಲಿ ಬೆಳಕಿಗೆ ಬಂದ ಫ್ಲೇಮ್ ಎಂಬ ಬೇಹುಗಾರಿಕೆಯ ಪ್ರೋಗ್ರಾಮು ಅದೇ ಬಗೆಯ ಡಿಕ್ಕಿಯಿಂದ ಮೈಕ್ರೋಸಾಫ್ಟಿನ ರುಜುವನ್ನು ಸುಳ್ಳಾಗಿ ತೊಟ್ಟುಕೊಂಡು ಗಣಕಗಳೊಳಗೆ ನುಗ್ಗಿತ್ತು. ೨೦೧೭ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆ ಮತ್ತು ಗೂಗಲ್ ಸೇರಿ ಎಸ್‌ಎಚ್‌ಎ-೧ಕ್ಕೂ ಅದೇ ಗತಿ ಕಾಣಿಸಿದವು: ಬೇರೆ ಬೇರೆ ಬಣ್ಣದ ಎರಡು ಪಿ.ಡಿ.ಎಫ್. ಕಡತಗಳು, ಗುರುತು ಒಂದೇ. ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಮಾನಕ ಸಂಸ್ಥೆ, ೨೦೩೦ರ ಕೊನೆಯೊಳಗೆ ಎಸ್‌ಎಚ್‌ಎ-೧ನ್ನು ಪೂರ್ತಿ ಕೈಬಿಡಬೇಕೆಂದು ಹೇಳಿದೆ.

ಇಂದು ಎಲ್ಲರೂ ನೆಚ್ಚಿಕೊಂಡಿರುವುದು ೨೦೦೨ರಲ್ಲಿ ಮಾನಕವಾದ ಎಸ್‌ಎಚ್‌ಎ-೨ ಕುಟುಂಬವನ್ನು, ಅದರಲ್ಲೂ ಎಸ್‌ಎಚ್‌ಎ-೨೫೬ನ್ನು. ಇದರಲ್ಲಿ ಬೆರೆಸುವ ೬೪ ಅಂಕಿಗಳು ಮೊದಲ ೬೪ ಅವಿಭಾಜ್ಯ ಸಂಖ್ಯೆಗಳ ಘನಮೂಲಗಳಿಂದ ಬಂದವು. ಶಾಲೆಯ ಮಗುವೂ ಲೆಕ್ಕ ಮಾಡಿ ತಾಳೆ ನೋಡಬಹುದು. ಇದಕ್ಕೂ ಏನಾದರೂ ಆದರೆ ಇರಲಿ ಎಂದು ೨೦೦೭ರಲ್ಲಿ ಒಂದು ಬಹಿರಂಗ ಸ್ಪರ್ಧೆ ಕರೆದರು. ೬೪ ವಿಧಾನಗಳು ಬಂದವು. ೨೦೧೨ರಲ್ಲಿ ಯುರೋಪಿನ ನಾಲ್ವರ ಕೆಚಾಕ್ ಗೆದ್ದು, ೨೦೧೫ರಲ್ಲಿ ಎಸ್‌ಎಚ್‌ಎ-೩ ಎಂಬ ಹೆಸರಿನಿಂದ ಮಾನಕವಾಯಿತು. ಸದ್ಯಕ್ಕೆ ಅದು ಅಟ್ಟದ ಮೇಲಿಟ್ಟ ಹೆಚ್ಚಿನ ಪಾತ್ರೆಯಂತೆ.

ಇದೆಲ್ಲ ದೂರದ ಮಾತು ಎನ್ನುವ ಓದುಗರಿಗೆ ನಮ್ಮ ದೇಶದ ಕಾನೂನನ್ನು ನೆನಪಿಸಬೇಕು. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಮೂರನೆಯ ಪ್ರಕರಣ ಹ್ಯಾಶ್ ಎಂದರೇನೆಂದು ವ್ಯಾಖ್ಯೆಯನ್ನೇ ಕೊಟ್ಟಿದೆ: ಒಂದೇ ದಾಖಲೆಗೆ ಪ್ರತಿ ಸಲವೂ ಒಂದೇ ಫಲ ಬರಬೇಕು, ಫಲದಿಂದ ಮೂಲ ದಾಖಲೆಯನ್ನು ಕಟ್ಟುವುದು ಸಾಧ್ಯವಾಗಬಾರದು, ಎರಡು ದಾಖಲೆಗಳಿಗೆ ಒಂದೇ ಫಲ ಬರಬಾರದು. ಸಂಸತ್ತಿನ ಕಾಯಿದೆಯಲ್ಲಿ ಇಷ್ಟು ಶುದ್ಧ ಗಣಿತ ಇರುವುದು ಅಪರೂಪ. ಅದೇ ವರ್ಷದ ನಿಯಮಾವಳಿಯಲ್ಲಿ ಹೆಸರಿಸಿದ್ದು ಎಂಡಿ-೫ ಮತ್ತು ಎಸ್‌ಎಚ್‌ಎ-೧. ಆಗ ಅದರಲ್ಲಿ ತಪ್ಪಿರಲಿಲ್ಲ. ಆದರೆ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಅನುಸೂಚಿಯನ್ನು ತೆರೆದು ನೋಡಿ. ಮೊಬೈಲಿನ ಚಿತ್ರವನ್ನೋ ಧ್ವನಿಯನ್ನೋ ಸ್ಕ್ಯಾನ್ ಮಾಡಿದ ಕಾಗದವನ್ನೋ ನ್ಯಾಯಾಲಯಕ್ಕೆ ಹಾಜರು ಮಾಡುವಾಗ ೬೩ನೆಯ ಪ್ರಕರಣದ ಪ್ರಕಾರ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಶ್ ಬರೆಯಲು ಜಾಗವಿದೆ, ಯಾವ ವಿಧಾನದಿಂದ ಪಡೆದದ್ದೆಂದು ಗುರುತು ಮಾಡಲು ಸಾಲುಗಳಿವೆ: ಎಸ್‌ಎಚ್‌ಎ-೧, ಎಸ್‌ಎಚ್‌ಎ-೨೫೬, ಎಂಡಿ-೫, ಇತರ. ವಾಂಗ್ ಅವರು ಎಂಡಿ-೫ನ್ನು ಮುರಿದು ಇಪ್ಪತ್ತು ವರ್ಷದ ಮೇಲೆ ನಮ್ಮ ಹೊಸ ಕಾನೂನು ಅದಕ್ಕೆ ಒಂದು ಸಾಲು ಇಟ್ಟಿದೆ!

ಊರಿನಲ್ಲಿ ಜಮೀನು, ಇಲ್ಲಿ ಬಾಡಿಗೆಯ ಮನೆ, ಅಣ್ಣ ಪುಣೆಯಲ್ಲಿ, ತಮ್ಮ ಚೆನ್ನೈಯಲ್ಲಿ ಎನ್ನುವ ನಮ್ಮಂಥ ಸಂಸಾರಗಳಲ್ಲಿ ಪಾಲುಪಟ್ಟಿ, ಪಹಣಿ, ಉಯಿಲು ಎಲ್ಲವೂ ಇಂದು ವಾಟ್ಸಾಪಿನಲ್ಲೇ ತಿರುಗುತ್ತವೆ. ನಾಳೆ ಅವೇ ಕೋರ್ಟಿನ ಮೆಟ್ಟಿಲು ಹತ್ತಿದಾಗ ಈ ಸಾಲುಗಳ ನಡುವಣ ಆಯ್ಕೆ ಸಣ್ಣದಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬರೆಯುವುದಾದರೆ ಎಸ್‌ಎಚ್‌ಎ-೨೫೬ ಮಾತ್ರ ಬರೆಯಿರಿ. ದೊಡ್ಡ ಖರ್ಚಿನ ಮಾತಲ್ಲ. ಲಿನಕ್ಸಿನಲ್ಲಿ ಎಸ್‌ಎಚ್‌ಎ೨೫೬ಸಮ್ ಎಂದು ಬರೆದು ಕಡತದ ಹೆಸರು ಕೊಟ್ಟರಾಯಿತು. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ, ಅಡ್ಡಗೆರೆಯ ಜೊತೆ ಹ್ಯಾಶ್‌ಫೈಲ್, ಆಮೇಲೆ ಕಡತದ ಹೆಸರು, ಕೊನೆಗೆ ಎಸ್‌ಎಚ್‌ಎ೨೫೬. ಈ ಕೊನೆಯ ಪದ ಬಿಟ್ಟರೆ ಅದು ಸದ್ದಿಲ್ಲದೆ ಎಸ್‌ಎಚ್‌ಎ-೧ರ ಫಲ ಕೊಡುತ್ತದೆ. ನಲವತ್ತೇ ಅಕ್ಷರ ಬಂದರೆ ಹಾಗಾಗಿದೆಯೆಂದು ತಿಳಿಯಬೇಕು.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕು ಕಾದಿತ್ತು. ಕೆಲವು ಹಳೆಯ ಲೇಖನಗಳನ್ನು ಠಾಣೆಯಲ್ಲಿ ಒಬ್ಬರು, ಪುಣೆಯಲ್ಲಿ ಒಬ್ಬರು ಬೆರಳಚ್ಚು ಮಾಡಿ, ಎರಡನ್ನೂ ತಾಳೆ ನೋಡುವುದೆಂದು ಏರ್ಪಾಡಾಗಿತ್ತು. ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೂ ಗುರುತು ಮಾತ್ರ ಬೇರೆ ಬೇರೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು: ಯೂನಿಕೋಡಿನಲ್ಲಿ 'ಕೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಕಾಣುವುದು ಬೈಟುಗಳು, ಅವು ಬೇರೆ. ಒತ್ತಕ್ಷರ ಕೂಡದಂತೆ ನಡುವೆ ಹಾಕುವ ಕಣ್ಣಿಗೆ ಕಾಣದ ಗುರುತೂ ಹಾಗೆಯೇ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯುವಾಗ ಅದು ನಡುವೆ ಕುಳಿತಿರುತ್ತದೆ. ಆಜ್ಞೆಯ ಸಾಲಿನಲ್ಲೇ ಒಂದು ಪದ ಬರೆದು ಅದರ ಹ್ಯಾಶ್ ತೆಗೆಯಲು ಹೋದ ಇನ್ನೊಬ್ಬರಿಗೆ ಬೇರೆ ಪೇಚು: ಎಕೋ ಎಂಬ ಆಜ್ಞೆ ತಾನಾಗಿ ಕೊನೆಯಲ್ಲಿ ಒಂದು ಹೊಸ ಸಾಲಿನ ಗುರುತು ಸೇರಿಸುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಹ್ಯಾಶ್‌ಗೆ ಭಾಷೆ ಬಾರದು, ಅರ್ಥವೂ ಬಾರದು. ಮಡಿಯ ಅಜ್ಜಿಯ ಹಾಗೆ ಮುಟ್ಟಿದ್ದೆಲ್ಲ ಮೈಲಿಗೆ. ಎಲ್ಲ ಕಡತಗಳನ್ನೂ ಒಂದೇ ಬಗೆಯ ಸಂಕೇತಕ್ಕೆ ತಂದ ಮೇಲೆ ಕೆಲಸ ಮುಂದೆ ಸಾಗಿತು.

ಇನ್ನು ಆ ಹಾರ್ಡ್ ಡಿಸ್ಕು ಮತ್ತು ಸಿ.ಡಿ.ಗಳ ವಿಷಯ. ಬಹುಪಾಲು ಕಡತಗಳು ತಾಳೆಯಾದವು. ಬರಿದಾದ ಎರಡನ್ನು ಹೇಳಿದೆನಲ್ಲ, ಅವಲ್ಲದೆ ಒಂದು ಕಡತ ತಾಳೆಯಾಗಲಿಲ್ಲ: ೧೯೭೪ರ ದೀಪಾವಳಿ ಸಂಚಿಕೆ. ಎರಡೂ ಸರಿಯಾಗಿ ತೆರೆಯುತ್ತವೆ. ಪುಟ ಪುಟ ಇಟ್ಟು ನೋಡಿದಾಗ ವ್ಯತ್ಯಾಸ ಕಂಡದ್ದು ಕಟ್ಟಡ ನಿಧಿಗೆ ಹಣ ಕೊಟ್ಟವರ ಪಟ್ಟಿಯಲ್ಲಿ. ಒಂದರಲ್ಲಿ ೪೧ ಹೆಸರು, ಇನ್ನೊಂದರಲ್ಲಿ ೪೨. ಆ ಒಂದು ಹೆಸರಿನವರ ಮೊಮ್ಮಕ್ಕಳು ಇಂದಿಗೂ ಸಂಘಕ್ಕೆ ಬರುತ್ತಾರೆ. ಅಜ್ಜ ಹೋಟೆಲಿನ ಕೆಲಸದಲ್ಲಿ ಕೂಡಿಸಿದ ದುಡ್ಡಿನಲ್ಲಿ ಕಟ್ಟಡಕ್ಕೆ ಕೊಟ್ಟಿದ್ದರೆಂದು ಮನೆಯಲ್ಲಿ ಹೇಳಿಕೊಂಡು ಬಂದ ಮಾತು. ಹೆಸರನ್ನು ಯಾರೋ ಆಮೇಲೆ ಸೇರಿಸಿದರೋ, ಇದ್ದದ್ದನ್ನು ತೆಗೆದರೋ? ಅಚ್ಚಿನಲ್ಲಿ ಬಿಟ್ಟುಹೋದದ್ದನ್ನು ಮುಂದಿನ ಸಂಚಿಕೆಯ ತಿದ್ದುಪಡಿ ನೋಡಿ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿರಲೂಬಹುದು. ಆ ಮುಂದಿನ ಸಂಚಿಕೆ ಸಂಪುಟದಲ್ಲಿ ಇರಲೇ ಇಲ್ಲ.

ಹ್ಯಾಶ್ ಇಲ್ಲಿ ಕೈಚೆಲ್ಲಿತು. ಎರಡು ಬೇರೆ ಎಂದು ಅದು ಹೇಳುತ್ತದೆ, ಯಾವುದು ಮೂಲ ಎಂದು ಹೇಳಲಾರದು. ೨೦೦೪ರಲ್ಲಿ ಸ್ಕ್ಯಾನ್ ಮುಗಿದ ದಿನವೇ ಯಾರಾದರೂ ಆ ಗುರುತುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದು, ಕಾರ್ಯದರ್ಶಿಗಳ ರುಜು ಹಾಕಿಸಿ ಇಟ್ಟಿದ್ದರೆ ಈ ಪ್ರಶ್ನೆ ಐದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಆಗಿನ ಎಂಡಿ-೫ ಆಗಿದ್ದರೂ ಸಾಕಿತ್ತು. ಮುರಿದುಬಿದ್ದದ್ದಲ್ಲವೇ ಎಂದು ಓದುಗರು ಕೇಳಬಹುದು. ಇಲ್ಲಿಯೇ ಹುಟ್ಟುಹಬ್ಬದ ಲೆಕ್ಕ ಬರುತ್ತದೆ. ವಾಂಗ್ ಅವರ ವಿದ್ಯೆಯಿಂದ ಎರಡು ಕಡತಗಳನ್ನೂ ತಾನೇ ಮೊದಲಿನಿಂದ ಸಿದ್ಧಪಡಿಸಿಕೊಳ್ಳುವ ಮೋಸಗಾರನಿಗೆ ಡಿಕ್ಕಿ ಸಿಗುತ್ತದೆ. ಬೇರೆ ಯಾರೋ ಎಂದೋ ಮಾಡಿಟ್ಟ ಕಡತಕ್ಕೆ ಸರಿಹೊಂದುವ ಇನ್ನೊಂದನ್ನು ಎಂಡಿ-೫ರಲ್ಲಿ ಕೂಡ ಇಂದಿನವರೆಗೆ ಯಾರೂ ಮಾಡಿ ತೋರಿಸಿಲ್ಲ. ನಮ್ಮ ಸ್ಕ್ಯಾನ್ ಮಾಡಿಸಿದವರಿಗೆ ಮೋಸದ ಯೋಚನೆಯಿರಲಿಲ್ಲ. ಅವರಿಗೆ ರಿಜಿಸ್ಟರಿನ ಯೋಚನೆಯೂ ಇರಲಿಲ್ಲ.

ಈಗ ಎಲ್ಲ ಕಡತಗಳ ಎಸ್‌ಎಚ್‌ಎ-೨೫೬ ಗುರುತುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಸಂಘದ ಕಚೇರಿಯಲ್ಲಿ, ಒಂದನ್ನು ಪುಣೆಯಲ್ಲಿ, ಒಂದನ್ನು ಊರಿನಲ್ಲಿ ಇಡಲಾಗಿದೆ. ದೀಪಾವಳಿ ಸಂಚಿಕೆಯ ಎರಡು ಕಡತಗಳೂ ಅದರಲ್ಲಿವೆ, ಎರಡಕ್ಕೂ ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆ ಕಾಲದ ಸದಸ್ಯರ ಮನೆಗಳಲ್ಲಿ, ಊರಿನ ಅಟ್ಟದ ಪೆಟ್ಟಿಗೆಗಳಲ್ಲಿ, ೧೯೭೪ರ ದೀಪಾವಳಿ ಸಂಚಿಕೆಯ ಅಥವಾ ಅದರ ಮುಂದಿನ ತಿಂಗಳ ಸಂಚಿಕೆಯ ಕಾಗದದ ಪ್ರತಿ ಯಾರಲ್ಲಾದರೂ ಇದ್ದರೆ, ಹರಿದದ್ದಾದರೂ ಸರಿ, ದಯವಿಟ್ಟು ಸಂಘದ ಕಚೇರಿಗೆ ತಿಳಿಸಬೇಕು. ನೋಡಿ ಹಿಂದಿರುಗಿಸುತ್ತೇವೆ.